ಸುಡದೆ ಬಿಟ್ಟ ಹೆಣ: ರಾಜಕೀಯ ಅವನತಿಯ ಕಲೆಯಲ್ಲಿ ಕೊಳೆತವೂ ಪುರಾಣವೂ



ರಾಜ್ಯವೊಂದು ಕೆಡುವುದನ್ನು ಕಲೆ ಹೇಗೆ ತೋರಿಸಬೇಕು ಎಂಬ ಪ್ರಶ್ನೆಯನ್ನು ಇಂದು ನಿಮ್ಮ ಮುಂದೆ ಇಡುತ್ತಿದ್ದೇನೆ. ದೊರೆ ಸೋತದ್ದನ್ನು, ಮಂತ್ರಿಮಂಡಲ ಉರುಳಿದ್ದನ್ನು, ಪಕ್ಷ ಒಡೆದದ್ದನ್ನು ಚರಿತ್ರೆಕಾರರೂ ಪತ್ರಕರ್ತರೂ ಬರೆಯುತ್ತಾರೆ. ಸೋಲಿಗೆ ಬಹಳ ಮೊದಲೇ, ಆಸ್ಥಾನ ಇನ್ನೂ ತುಂಬಿ ತುಳುಕುತ್ತಿರುವಾಗಲೇ, ಆಳುವವರಲ್ಲೂ ಆಳಿಸಿಕೊಳ್ಳುವವರಲ್ಲೂ ಏನೋ ಹಳಸತೊಡಗಿರುತ್ತದೆ. ಆ ಹಳಸಿಗೆ ತಾರೀಖಿಲ್ಲ, ದಾಖಲೆಯಿಲ್ಲ. ಅದು ಕಣ್ಣಿಗೆ ಕಾಣುವಂತೆ, ಮೂಗಿಗೆ ಬಡಿಯುವಂತೆ ಮಾಡುವ ಕೆಲಸ ಕಲೆಯ ಪಾಲಿಗೆ ಬರುತ್ತದೆ.

ಈ ಕೆಲಸಕ್ಕೆ ನಮ್ಮ ಕವಿಗಳೂ ನಾಟಕಕಾರರೂ ಎರಡು ಸಾಧನಗಳನ್ನು ಬಹು ಕಾಲದಿಂದ ಬಳಸುತ್ತ ಬಂದಿದ್ದಾರೆ. ಒಂದು ಕೊಳೆತ. ಹೆಣ, ರೋಗ, ಮುಪ್ಪು, ಬರ, ಪಾಳುಬಿದ್ದ ಕೋಟೆ, ದುರ್ವಾಸನೆ ಎಲ್ಲವೂ ಇದರಲ್ಲಿ ಸೇರುತ್ತವೆ. ಇನ್ನೊಂದು ಪುರಾಣ. ಪುರಾಣವೊಂದನ್ನೇ ಹಿಡಿದರೆ ಅವನತಿಗೆ ಘನತೆ ಬರುತ್ತದೆ. ಆದರೆ ಅದು ಯುಗಧರ್ಮದ ಹಾಗೆ, ಯಾರ ಕೈಯೂ ಇಲ್ಲದ ಕಾಲಚಕ್ರದ ಹಾಗೆ ತೋರಿಬಿಡುತ್ತದೆ. ಕೊಳೆತವೊಂದನ್ನೇ ಹಿಡಿದರೆ ಅಸಹ್ಯ ಹುಟ್ಟುತ್ತದೆ, ಅಸಹ್ಯಪಟ್ಟವರು ಮೂಗು ಮುಚ್ಚಿಕೊಂಡು ಎದ್ದುಹೋಗುತ್ತಾರೆ. ಇವೆರಡೂ ಒಂದೇ ಚೌಕಟ್ಟಿಗೆ ಬಂದಾಗ ಒಂದು ಪ್ರಶ್ನೆ ಏಳುತ್ತದೆ: ಈ ಹೆಣವನ್ನು ಎತ್ತಬೇಕಾಗಿದ್ದವರು ಯಾರು, ಅವರು ಯಾಕೆ ಎತ್ತಲಿಲ್ಲ? ಆ ಪ್ರಶ್ನೆ ಎಲ್ಲಿ ಕೇಳಿಸುತ್ತದೋ ಅಲ್ಲಿ ಕಲೆ ರಾಜಕೀಯವಾಗಿ ಗಟ್ಟಿಯಾಗುತ್ತದೆ, ಎಲ್ಲಿ ಕೇಳಿಸುವುದಿಲ್ಲವೋ ಅಲ್ಲಿ ಅದು ನಿಟ್ಟುಸಿರಾಗಿ ಉಳಿಯುತ್ತದೆ. ಈ ಉಪನ್ಯಾಸದಲ್ಲಿ ನಾನು ವಾದಿಸಲಿರುವುದು ಇಷ್ಟನ್ನೇ.

ಮೊದಲು ರನ್ನನ ಹತ್ತಿರ ಹೋಗೋಣ. ಹತ್ತನೆಯ ಶತಮಾನದ ನಮ್ಮ ದೊಡ್ಡ ಕವಿಗಳಿಗೆ ಪುರಾಣ ಮತ್ತು ರಾಜಕೀಯದ ನಂಟು ಹೊಸದೇನಾಗಿರಲಿಲ್ಲ. 941ರಲ್ಲಿ ‘ವಿಕ್ರಮಾರ್ಜುನ ವಿಜಯ’ ಬರೆದ ಪಂಪ ತನ್ನ ಒಡೆಯ ಅರಿಕೇಸರಿಯನ್ನು ಅರ್ಜುನನೊಡನೆ ಸಮೀಕರಿಸಿದ. ಮುಧೋಳದ ಬಳೆಗಾರರ ಮನೆಯಲ್ಲಿ ಹುಟ್ಟಿದ ರನ್ನ ಚಾಲುಕ್ಯ ಸತ್ಯಾಶ್ರಯನನ್ನು ಭೀಮನೊಡನೆ ಸಮೀಕರಿಸಿ ‘ಸಾಹಸಭೀಮ ವಿಜಯ’ ಬರೆದ. ಪುರಾಣ ಅಲ್ಲಿ ಪ್ರಶಸ್ತಿಯ ಸಾಧನ. ಜೀವಂತ ದೊರೆಯನ್ನು ಪುರಾಣದ ವೀರನ ಎತ್ತರಕ್ಕೆ ಏರಿಸುವ ಏಣಿ. ಅಷ್ಟೇ ಆಗಿದ್ದರೆ ಇಂದು ಆ ಕಾವ್ಯವನ್ನು ಶಾಸನಗಳ ಪಕ್ಕದಲ್ಲಿಟ್ಟು ಮುಗಿಸಿಬಿಡುತ್ತಿದ್ದೆವು. ರನ್ನ ಮಾಡಿದ್ದು ಬೇರೆ. ಗೆಲ್ಲುವ ಭೀಮನ ಹೆಸರಿನ ಕಾವ್ಯದ ನಡುಮನೆಯನ್ನು ಸೋಲುವ ದುರ್ಯೋಧನನಿಗೆ ಬಿಟ್ಟುಕೊಟ್ಟ.

ಆ ಭಾಗವನ್ನು ಹತ್ತಿರದಿಂದ ನೋಡಬೇಕು. ಯುದ್ಧ ಬಹುಮಟ್ಟಿಗೆ ಮುಗಿದಿದೆ. ಭೀಷ್ಮರನ್ನು ಕಾಣಲೆಂದು ಕೌರವ ಚಕ್ರವರ್ತಿ ಸಂಜಯನ ಜೊತೆಯಲ್ಲಿ ರಣಭೂಮಿಯನ್ನು ದಾಟಿ ನಡೆದೇ ಹೋಗುತ್ತಾನೆ. ರಥವಿಲ್ಲ, ಛತ್ರವಿಲ್ಲ, ಪರಿವಾರವಿಲ್ಲ. ಸತ್ತ ಆನೆಗಳ ನಡುವೆ ದಾರಿ ಹುಡುಕಬೇಕು, ರಕ್ತದ ಕೆಸರಿನಲ್ಲಿ ಕಾಲು ಜಾರುತ್ತದೆ, ಮರುಳುಗಳು ಅಲೆಯುತ್ತವೆ. ದಾರಿಯುದ್ದಕ್ಕೂ ಎದುರಾಗುವ ಹೆಣಗಳೆಲ್ಲ ಅವನಿಗೆ ಗುರುತಿನವು: ದ್ರೋಣ, ದುಶ್ಶಾಸನ, ಕರ್ಣ, ಮಗ ಲಕ್ಷಣಕುಮಾರ. ಶತ್ರುವಿನ ಮಗ ಅಭಿಮನ್ಯುವಿನ ಮುಂದೆಯೂ ಅವನು ನಿಲ್ಲುತ್ತಾನೆ, ಆ ಹುಡುಗನ ಶೌರ್ಯವನ್ನು ಮೆಚ್ಚಿ ಕೈಮುಗಿಯುತ್ತಾನೆ. ವಿಮರ್ಶಕರು ಈ ಭಾಗವನ್ನು ಕರುಣರಸಕ್ಕಾಗಿ, ದುರ್ಯೋಧನನ ಔದಾರ್ಯಕ್ಕಾಗಿ ಕೊಂಡಾಡಿದ್ದಾರೆ, ಅದು ಸರಿಯೇ. ನನಗೆ ಇಲ್ಲಿ ರಾಜ್ಯಶಾಸ್ತ್ರವೂ ಕಾಣುತ್ತದೆ. ಸಂಧಿಗೆ ಒಪ್ಪದ ಒಬ್ಬ ದೊರೆಯ ಒಂದೊಂದು ನಿರ್ಧಾರವೂ ಅಲ್ಲಿ ಒಂದೊಂದು ಹೆಣವಾಗಿ ಮಲಗಿದೆ. ಅವುಗಳ ನಡುವೆ ಅವನನ್ನು ಬರಿಗಾಲಿನವನ ಹಾಗೆ ನಡೆಸಿ, ಪ್ರತಿಯೊಂದರ ಮುಂದೆಯೂ ನಿಲ್ಲಿಸಿ, ಹೆಸರು ಹಿಡಿದು ಅಳುವಂತೆ ಮಾಡಿದ ಕವಿ ಲೆಕ್ಕ ಒಪ್ಪಿಸಿಕೊಳ್ಳುತ್ತಿದ್ದಾನೆ. ಅದೂ ಒಬ್ಬ ಚಕ್ರವರ್ತಿಯ ಆಸ್ಥಾನದಲ್ಲಿ ಕುಳಿತು. ಕೇಳುತ್ತಿದ್ದ ಚಾಲುಕ್ಯ ಅರಸನಿಗೆ ತಾನು ಭೀಮ ಎಂಬ ಹೆಮ್ಮೆಯ ಜೊತೆಗೆ, ಈ ರಣಭೂಮಿಯಲ್ಲಿ ನಡೆಯುವ ಸರದಿ ಯಾವ ದೊರೆಗೂ ಬರಬಹುದು ಎಂಬ ಅರಿವೂ ಆಗಿರಬೇಕು ಎಂದು ನಾನು ನಂಬುತ್ತೇನೆ. ತೆಂಕುತಿಟ್ಟಿನ ತಾಳಮದ್ದಳೆಯಲ್ಲಿ, ಕಾಸರಗೋಡಿನ ಶೇಣಿ ಗೋಪಾಲಕೃಷ್ಣ ಭಟ್ಟರಂಥ ಅರ್ಥಧಾರಿಗಳು ಕೌರವನಿಗೆ ಕೊಟ್ಟ ಮಾತಿನ ವೈಭವ ಇದೇ ದಾರಿಯ ಮುಂದುವರಿಕೆ. ಬಿದ್ದವನಿಗೆ ಮಾತಿನ ಹಕ್ಕು ಕೊಡುವುದು ಈ ನಾಡಿನ ಕಲೆಯ ಹಳೆಯ ಪದ್ಧತಿ.

ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಈ ರಣಭೂಮಿಗೆ ಇಬ್ಬರು ಮರಳಿದರು. ಬಿ.ಎಂ.ಶ್ರೀ ಸೊಫೋಕ್ಲೀಸನ ‘ಏಜಾಕ್ಸ್’ ನಾಟಕವನ್ನು 1929ರಲ್ಲಿ ‘ಅಶ್ವತ್ಥಾಮನ್’ ಆಗಿಸಿದರು. ಸತ್ತ ವೀರನ ದೇಹಕ್ಕೆ ಸಂಸ್ಕಾರ ಆಗಬೇಕೇ ಬೇಡವೇ, ಅದನ್ನು ತಡೆಯುವ ಅಧಿಕಾರ ಗೆದ್ದವರಿಗೆ ಉಂಟೇ ಎಂಬುದು ಆ ಗ್ರೀಕ್ ನಾಟಕದ ಉತ್ತರಾರ್ಧವನ್ನೆಲ್ಲ ಆವರಿಸಿರುವ ಜಗಳ. 1931ರಲ್ಲಿ ಕುವೆಂಪು ‘ಸ್ಮಶಾನ ಕುರುಕ್ಷೇತ್ರಂ’ ಬರೆದರು. ಅಲ್ಲಿ ದ್ವಾಪರವೂ ಕಲಿಯೂ ಪಾತ್ರಗಳಾಗಿ ಬರುತ್ತವೆ, ಹೆಸರಿಲ್ಲದ ಸೈನಿಕರ ಮನೆಯವರ ದುಃಖವೂ ಬರುತ್ತದೆ. ಮೊದಲ ಮಹಾಯುದ್ಧದ ನೆನಪು ಇನ್ನೂ ಹಸಿಯಾಗಿದ್ದ ಕಾಲ ಅದು. ಯುಗ ಬದಲಾಯಿತು ಎಂಬ ಪುರಾಣದ ದೊಡ್ಡ ಮಾತಿನ ಪಕ್ಕದಲ್ಲೇ ಮನೆಗೆ ಬಾರದ ಮಗನ ಲೆಕ್ಕವನ್ನು ಕುವೆಂಪು ಇಟ್ಟರು ಎಂಬುದನ್ನಷ್ಟೇ ಹೇಳಿ ಮುಂದೆ ಹೋಗುತ್ತೇನೆ.

ಬಂಧುಗಳೇ, ನನ್ನ ವಾದಕ್ಕೆ ಎಲ್ಲಕ್ಕಿಂತ ಹೆಚ್ಚು ಬಲ ಕೊಡುವ ಕೃತಿ ಒಂದು ಅಗ್ರಹಾರದ ಕಥೆ. ಯು.ಆರ್.ಅನಂತಮೂರ್ತಿಯವರ ‘ಸಂಸ್ಕಾರ’ 1965ರಲ್ಲಿ ಬಂತು. ಅದರಲ್ಲಿ ದೊರೆಯಿಲ್ಲ, ಯುದ್ಧವಿಲ್ಲ, ಚುನಾವಣೆಯಿಲ್ಲ. ಆದರೂ ಅಧಿಕಾರದ ಅವನತಿಯನ್ನು ಅಷ್ಟು ನಿಖರವಾಗಿ ಹಿಡಿದ ಇನ್ನೊಂದು ಕನ್ನಡ ಕೃತಿಯನ್ನು ಹೆಸರಿಸುವುದು ಕಷ್ಟ. ದೂರ್ವಾಸಪುರದಲ್ಲಿ ನಾರಣಪ್ಪ ಸಾಯುತ್ತಾನೆ. ಅವನು ಬ್ರಾಹ್ಮಣ್ಯವನ್ನು ಬಿಟ್ಟವನು. ಬ್ರಾಹ್ಮಣ್ಯ ಅವನನ್ನು ಬಿಟ್ಟಿಲ್ಲ, ಏಕೆಂದರೆ ಯಾರೂ ಅವನಿಗೆ ಬಹಿಷ್ಕಾರ ಹಾಕಿರಲಿಲ್ಲ. ಹೆಣ ಎತ್ತುವವರೆಗೆ ಅಗ್ರಹಾರದಲ್ಲಿ ಯಾರೂ ಊಟ ಮಾಡುವಂತಿಲ್ಲ. ಎತ್ತುವವರು ಯಾರು? ನಿರ್ಣಯ ಅಗ್ರಹಾರದ ಗುರು ಪ್ರಾಣೇಶಾಚಾರ್ಯರದು. ಅವರು ಗ್ರಂಥಗಳನ್ನು ತಿರುವುತ್ತಾರೆ, ಆಮೇಲೆ ಮಾರುತಿಯ ಗುಡಿಗೆ ಹೋಗಿ ಅಪ್ಪಣೆಗೆ ಕಾಯುತ್ತಾರೆ. ಅಷ್ಟರಲ್ಲಿ ಇಲಿಗಳು ಬಿದ್ದು ಸಾಯುತ್ತವೆ, ರಣಹದ್ದುಗಳು ಮನೆಗಳ ಮಾಡಿನ ಮೇಲೆ ಬಂದು ಕೂರುತ್ತವೆ.

ಆ ಹದ್ದುಗಳನ್ನು ಓಡಿಸಲು ಬ್ರಾಹ್ಮಣರು ಏನು ಮಾಡುತ್ತಾರೆ ಎಂಬುದು ಕಾದಂಬರಿಯ ಒಂದು ಸಣ್ಣ ವಿವರ. ಶಂಖ ಊದುತ್ತಾರೆ, ಜಾಗಟೆ ಬಾರಿಸುತ್ತಾರೆ. ಮಂಗಳಾರತಿಯ ಹೊತ್ತಿನ ಸದ್ದು ಹೆಣದ ಹಕ್ಕಿಯನ್ನು ಬೆದರಿಸುವ ಸದ್ದಾಗುತ್ತದೆ. ಸಾಧನಗಳೆಲ್ಲ ಕೈಯಲ್ಲಿವೆ, ಅವುಗಳಿಂದ ಮಾಡಬೇಕಾದ ಕೆಲಸವೊಂದು ಮಾತ್ರ ಆಗುತ್ತಿಲ್ಲ. ಒಂದು ಸಂಸ್ಥೆ ಅವನತಿಗೆ ಇಳಿದಾಗ ಆಗುವುದು ಇದೇ: ಸಭೆ ನಡೆಯುತ್ತದೆ, ಗಂಟೆ ಬಾರಿಸುತ್ತದೆ, ನಡಾವಳಿ ಬರೆಯಲಾಗುತ್ತದೆ, ಹೆಣ ಒಳಗೆ ಹಾಗೆಯೇ ಇರುತ್ತದೆ. ಅನಂತಮೂರ್ತಿಯವರು ಇದರ ಎದುರಿಗೆ ಇಟ್ಟಿರುವ ಎರಡು ಸಂಗತಿಗಳನ್ನು ಅವಸರದ ಓದಿನಲ್ಲಿ ಬಿಟ್ಟುಬಿಡುತ್ತೇವೆ. ಅಗ್ರಹಾರದ ಹೊರಗಿನ ಹೊಲೆಯರ ಗುಡಿಸಲಿನಲ್ಲಿ ಸಾವಾದಾಗ ಗುಡಿಸಲಿಗೇ ಬೆಂಕಿ ಇಟ್ಟು ಸುಡುತ್ತಾರೆ, ಅಲ್ಲಿ ನಿರ್ಣಯಕ್ಕೆ ಕಾಯುವ ಪ್ರಶ್ನೆ ಬರುವುದಿಲ್ಲ. ನಾರಣಪ್ಪನ ದೇಹವನ್ನು ಕೊನೆಗೆ ರಾತ್ರಿ ಸುಡಿಸುವವಳು ಅವನ ಜೊತೆಗಿದ್ದ ಚಂದ್ರಿ, ಅವಳಿಗೆ ನೆರವಾಗುವವನು ಒಬ್ಬ ಮುಸಲ್ಮಾನ ಮೀನು ವ್ಯಾಪಾರಿ. ಪ್ರಾಣೇಶಾಚಾರ್ಯರಿಗೆ ಆ ಸಂಗತಿ ಗೊತ್ತೇ ಆಗುವುದಿಲ್ಲ. ಕರ್ತವ್ಯ ಅದರ ಒಡೆಯರ ಕೈಯಿಂದ ಜಾರಿ ಯಾವ ಹಕ್ಕೂ ಇಲ್ಲದವರ ಕೈಗೆ ಹೋದದ್ದು ಹೀಗೆ, ಯಾರಿಗೂ ಕಾಣದ ಹಾಗೆ.

ಇಲ್ಲಿ ಪುರಾಣದ ಕೆಲಸವೇನು? ಊರಿಗೆ ಶಾಪಕೊಡುವ ಋಷಿಯ ಹೆಸರಿದೆ, ಆತನ ಸುತ್ತ ಸ್ಥಳಪುರಾಣವಿದೆ. ಆಚಾರ್ಯರು ಊರಿನವರಿಗೆ ಪುರಾಣ ಹೇಳುತ್ತಾರೆ, ಕಾಳಿದಾಸನ ಶಕುಂತಲೆಯನ್ನು ವರ್ಣಿಸುತ್ತಾರೆ. ಅದನ್ನು ಕೇಳಿದ ಒಬ್ಬ ತರುಣ ಎದ್ದು ನೇರ ಹೊಳೆಯ ಕಡೆ ಹೋಗುತ್ತಾನೆ. ಪುರಾಣ ಕೇಳಿದವರ ಮೈಗೆ ಇಳಿದಿದೆ, ಹೇಳಿದವರ ಮೈಗೆ ಇಳಿದಿಲ್ಲ. ಕೊಳೆಯುವ ಹೆಣ ಆ ಅಂತರವನ್ನು ಬಯಲು ಮಾಡುತ್ತದೆ. ಪಟ್ಟಾಭಿರಾಮ ರೆಡ್ಡಿಯವರ ನಿರ್ದೇಶನದಲ್ಲಿ 1970ರಲ್ಲಿ ಈ ಕಾದಂಬರಿ ಚಲನಚಿತ್ರವಾದಾಗ ಸೆನ್ಸಾರ್ ಮಂಡಳಿ ಮೊದಲು ತಡೆದದ್ದು, ಬಿಡುಗಡೆಯ ನಂತರ ಅದೇ ಚಿತ್ರಕ್ಕೆ ರಾಷ್ಟ್ರಪತಿಗಳ ಸ್ವರ್ಣಪದಕ ಬಂದದ್ದು ನಿಮಗೆ ತಿಳಿದದ್ದೇ. ಚಂದ್ರಿಯ ಪಾತ್ರ ಮಾಡಿದ ಸ್ನೇಹಲತಾ ರೆಡ್ಡಿ ತುರ್ತುಪರಿಸ್ಥಿತಿಯಲ್ಲಿ ಬೆಂಗಳೂರು ಸೆರೆಮನೆಯಲ್ಲಿದ್ದು, ಪೆರೋಲಿನ ಮೇಲೆ ಹೊರಬಂದು, 1977ರ ಜನವರಿಯಲ್ಲಿ ತೀರಿಕೊಂಡರು. ಹೆಣಕ್ಕೆ ಸಂಸ್ಕಾರ ಮಾಡಿಸಿದ ಪಾತ್ರವನ್ನು ನೆನೆಯುವಾಗ ಆ ನಟಿಯ ಹೆಸರನ್ನು ಬಿಟ್ಟು ಮುಂದೆ ಹೋಗಲು ನನಗೆ ಮನಸ್ಸು ಬರುವುದಿಲ್ಲ.

ಅನಂತಮೂರ್ತಿಯವರೇ 1978ರಲ್ಲಿ ಬರೆದ ‘ಅವಸ್ಥೆ’ಯಲ್ಲಿ ಕೊಳೆತ ರಾಜಕಾರಣಿಯ ಮೈಯೊಳಗೇ ಬರುತ್ತದೆ. ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರ ಬದುಕಿನ ನೆನಪು ಅದರ ಹಿಂದಿದೆ. ಪಾರ್ಶ್ವವಾಯು ಬಡಿದು ಮಲಗಿದ ಕೃಷ್ಣಪ್ಪ ತನ್ನ ದಾರಿ ಎಲ್ಲಿ ತಪ್ಪಿತೆಂದು ಹಿಂದಿರುಗಿ ನೋಡುತ್ತಾನೆ. ದೇಹದ ಅರ್ಧ ಸತ್ತಿದೆ, ನೆನಪು ಪೂರ್ತಿ ಎಚ್ಚರವಾಗಿದೆ.

ಗಿರೀಶ ಕಾರ್ನಾಡರ ಮೊದಲ ಮತ್ತು ಕೊನೆಯ ನಾಟಕಗಳೆರಡೂ ನಮ್ಮ ವಿಷಯದವೇ ಆಗಿರುವುದು ಯೋಚಿಸಬೇಕಾದ ಸಂಗತಿ. ಧಾರವಾಡದ ಮನೋಹರ ಗ್ರಂಥಮಾಲೆ 1961ರಲ್ಲಿ ಪ್ರಕಟಿಸಿದ ‘ಯಯಾತಿ’ಯಲ್ಲಿ ಒಬ್ಬ ದೊರೆ ತನ್ನ ಮುಪ್ಪನ್ನು ಮಗನಿಗೆ ದಾಟಿಸುತ್ತಾನೆ. ಮಹಾಭಾರತದಲ್ಲಿ ಇದು ಪುತ್ರಧರ್ಮದ ಆದರ್ಶಕ್ಕೆ ಉದಾಹರಣೆ, ಮಗ ಪೂರುವಿಗೆ ಅದರ ಫಲವಾಗಿ ರಾಜ್ಯವೂ ಸಿಗುತ್ತದೆ. ಕಾರ್ನಾಡರು ಪೂರುವಿಗೆ ಹೆಂಡತಿಯೊಬ್ಬಳನ್ನು ಸೃಷ್ಟಿಸಿದರು. ಹೊಸದಾಗಿ ಮದುವೆಯಾಗಿ ಬಂದ ಚಿತ್ರಲೇಖೆ ಗಂಡನ ಮುಖದ ಮೇಲೆ ಮಾವನ ಸುಕ್ಕುಗಳನ್ನು ಕಾಣುತ್ತಾಳೆ, ಕೊನೆಗೆ ವಿಷ ಕುಡಿಯುತ್ತಾಳೆ. ಸ್ವಾತಂತ್ರ್ಯ ಬಂದು ಹದಿನಾಲ್ಕು ವರ್ಷ ಕಳೆದಿದ್ದ ದೇಶದಲ್ಲಿ ಇಪ್ಪತ್ತರ ಹರೆಯದವನೊಬ್ಬ ಬರೆದ ನಾಟಕ ಇದು. ಹಿರಿಯರು ಅಧಿಕಾರ ಬಿಡದೆ ತಮ್ಮ ಮುಪ್ಪನ್ನು ಕಿರಿಯರಿಂದ ಹೊರಿಸುವ ರಾಜಕಾರಣದ ಬಗ್ಗೆ ಇದಕ್ಕಿಂತ ನೇರವಾದ ರೂಪಕ ನಮ್ಮಲ್ಲಿ ಮತ್ತೊಂದಿಲ್ಲ. ಮುಪ್ಪು ಇಲ್ಲಿ ಪ್ರಕೃತಿಯ ನಿಯಮವಾಗಿ ಉಳಿಯದೆ ಕೈಯಿಂದ ಕೈಗೆ ದಾಟುತ್ತದೆ, ದಾಟಿಸಿದವನಿಗೆ ಹೆಸರಿದೆ.

1964ರ ‘ತುಘಲಕ್’ನಲ್ಲಿ ಪುರಾಣದ ಜಾಗದಲ್ಲಿ ಇತಿಹಾಸ ನಿಂತಿದೆ, ಆದರೆ ಸುಲ್ತಾನ ಮಹಮ್ಮದ್ ತುಘಲಕನ ಕಥೆ ಅಷ್ಟು ಹೊತ್ತಿಗೆ ನಮ್ಮ ಜನರ ಬಾಯಲ್ಲಿ ಪುರಾಣವೇ ಆಗಿಬಿಟ್ಟಿತ್ತು. ಸಾದಿಯ ಕಾವ್ಯದಲ್ಲಿ ಓದಿದ ಗುಲಾಬಿ ತೋಟವನ್ನು ಕೋಟೆಯೊಳಗೆ ಬೆಳೆಸಬೇಕೆಂದು ಸುಲ್ತಾನ ಕನಸು ಕಂಡಿದ್ದ. ತಾಮ್ರದ ನಾಣ್ಯದ ಪ್ರಯೋಗ ಸೋತಾಗ ಖೋಟಾ ನಾಣ್ಯಗಳು ಗಾಡಿಗಟ್ಟಲೆ ಬಂದವು. ಅವನ್ನೆಲ್ಲ ಆ ತೋಟದಲ್ಲೇ ಸುರಿಸಲು ಅವನು ಅಪ್ಪಣೆ ಕೊಡುತ್ತಾನೆ. ಕನಸಿಗೆ ಕಾದಿಟ್ಟ ನೆಲ ಕಸದ ರಾಶಿಯಾಗುತ್ತದೆ. ಹೊರಗೆ ಬರ, ಬೀದಿಯಲ್ಲಿ ಹೆಣಗಳು; ಆ ಹೆಣಗಳಿಂದಲೂ ಲಾಭ ಗಿಟ್ಟಿಸುವ ಅಗಸ ಅಜೀಜ್ ಸುಲ್ತಾನನ ಪ್ರತಿಯೊಂದು ಸುಧಾರಣೆಯನ್ನೂ ಅದರ ಒಳಗಿನಿಂದಲೇ ಕೊಳೆಸುತ್ತಾನೆ. ಬೆಂಗಳೂರಿನಲ್ಲಿ ಸಿ.ಆರ್.ಸಿಂಹ ಈ ಸುಲ್ತಾನನಾಗಿ ರಂಗದ ಮೇಲೆ ಬಂದದ್ದನ್ನು ಕಂಡ ಪೀಳಿಗೆ ಅದನ್ನು ಇನ್ನೂ ಮರೆತಿಲ್ಲ. ನೆಹರೂ ಯುಗದ ನಿರಾಸೆಯನ್ನು ಈ ನಾಟಕ ಹೇಳಿತು ಎಂದು ವಿಮರ್ಶಕರು ಬರೆದರು. ಆ ಓದು ಸರಿಯೇ. ಅದಕ್ಕೊಂದು ಮಾತು ಸೇರಿಸಬೇಕು. ಆದರ್ಶ ಸೋಲುವುದರಲ್ಲಿ ದುರಂತವಿದೆ. ಸೋತ ಆದರ್ಶದ ಕಸವನ್ನು ಯಾರ ಅಂಗಳಕ್ಕೆ ಸುರಿಯುತ್ತಾರೆ ಎಂಬುದರಲ್ಲಿ ರಾಜಕೀಯವಿದೆ. ಕಾರ್ನಾಡರು ಎರಡನ್ನೂ ಒಂದೇ ತೋಟದಲ್ಲಿ ತೋರಿಸಿದರು.

1972ರಲ್ಲಿ ಬಿ.ವಿ.ಕಾರಂತರು ಬೆಂಗಳೂರಿನ ಬಯಲು ರಂಗದಲ್ಲಿ ಮೂರು ನಾಟಕಗಳನ್ನು ಆಡಿಸಿದರು: ಲಂಕೇಶರು ಕನ್ನಡಕ್ಕೆ ತಂದ ‘ಈಡಿಪಸ್’, ಲಂಕೇಶರದೇ ‘ಸಂಕ್ರಾಂತಿ’, ಚಂದ್ರಶೇಖರ ಕಂಬಾರರ ‘ಜೋಕುಮಾರಸ್ವಾಮಿ’. ಈ ಮೂರೂ ಒಟ್ಟಿಗೆ ಬಂದದ್ದು ಕನ್ನಡ ರಂಗಭೂಮಿಯ ಚರಿತ್ರೆಯಲ್ಲಿ ಪ್ರಸಿದ್ಧ. ನಮ್ಮ ವಿಷಯಕ್ಕೆ ಇನ್ನೂ ಒಂದು ಕಾರಣದಿಂದ ಅವು ಮುಖ್ಯ. ‘ಈಡಿಪಸ್’ ಆರಂಭವಾಗುವುದು ಪಿಡುಗಿನಿಂದ. ಊರು ಸಾಯುತ್ತಿದೆ, ಜನ ದೊರೆಯ ಬಾಗಿಲಿಗೆ ಬಂದಿದ್ದಾರೆ, ಕಾರಣ ಹುಡುಕುತ್ತೇನೆಂದು ಹೊರಟ ದೊರೆಗೆ ಕಾರಣ ತಾನೇ ಎಂದು ತಿಳಿಯುತ್ತದೆ. ‘ಸಂಕ್ರಾಂತಿ’ ಕಲ್ಯಾಣದ ಶರಣರ ಚಳವಳಿ ಕುಸಿದ ಹೊತ್ತಿನದು. ಅದೇ ಕಲ್ಯಾಣಕ್ಕೆ ಕಾರ್ನಾಡರು 1990ರ ‘ತಲೆದಂಡ’ದಲ್ಲಿ ಮಂಡಲ್–ಮಂದಿರಗಳ ಬಿಸಿಯ ನಡುವೆ ಮರಳಿದರು.

ಮೂರನೆಯದು, ‘ಜೋಕುಮಾರಸ್ವಾಮಿ’, ನನ್ನ ವಾದವನ್ನೇ ತಿದ್ದಿಸುವ ನಾಟಕ. ಈವರೆಗೆ ಕೊಳೆತವನ್ನು ಕೇಡಿನ ಗುರುತೆಂದೇ ನೋಡಿದೆವು. ಉತ್ತರ ಕರ್ನಾಟಕದ ಒಕ್ಕಲು ಮಕ್ಕಳಿಗೆ ಹಾಗಿಲ್ಲ. ಭಾದ್ರಪದದಲ್ಲಿ, ಗಣಪತಿ ಹೋದ ಮೇಲೆ, ಅಂಬಿಗರ ಹೆಣ್ಣುಮಕ್ಕಳು ಮಣ್ಣಿನ ಜೋಕುಮಾರನನ್ನು ಬುಟ್ಟಿಯಲ್ಲಿ ಹೊತ್ತು ಮನೆಮನೆಗೆ ಬರುತ್ತಾರೆ, ಅವನ ಬಾಯಿಗೆ ಬೆಣ್ಣೆ ಸವರುತ್ತಾರೆ. ಅಲ್ಪಾಯುಷಿ ಆತ, ಹುಣ್ಣಿಮೆಯ ಹೊತ್ತಿಗೆ ಕೊಲೆಯಾಗುತ್ತಾನೆ. ಸತ್ತು ಹೋಗಿ ಶಿವನ ಹತ್ತಿರ ಭೂಮಿಯ ಬಾಯಾರಿಕೆಯನ್ನು ಹೇಳುತ್ತಾನೆ, ಆಗ ಮಳೆ ಬರುತ್ತದೆ ಎಂಬುದು ಜನರ ನಂಬಿಕೆ. ಕಂಬಾರರು ಈ ನಂಬಿಕೆಯನ್ನು ಉಳುವವನ ಭೂಮಿಯ ಪ್ರಶ್ನೆಗೆ ಜೋಡಿಸಿದರು. ಊರ ಭೂಮಿಯನ್ನೆಲ್ಲ ಬಂದೂಕಿನ ಬಲದಿಂದ ಹಿಡಿದಿರುವ ಗೌಡ ಮಕ್ಕಳಿಲ್ಲದವನು. ಬಸಣ್ಣ ಉಳುವವನು, ಬಿತ್ತುವವನು, ಕೊನೆಗೆ ಗೌಡನ ಆಳುಗಳಿಂದ ಸಾಯುವವನು. ಅವನ ಕೂಸು ಗೌಡತಿಯ ಹೊಟ್ಟೆಯಲ್ಲಿ ಬೆಳೆಯುತ್ತಿದೆ. ಭೂಸುಧಾರಣೆಯ ಮಾತು ವಿಧಾನಸಭೆಯಲ್ಲೂ ಹಳ್ಳಿಗಳಲ್ಲೂ ಕಾವೇರುತ್ತಿದ್ದ ದಿನಗಳಲ್ಲಿ ಬಂದ ನಾಟಕ ಇದು. ಇಲ್ಲಿ ಕೊಳೆಯುವ ದೇಹ ಗೊಬ್ಬರವಾಗುತ್ತದೆ, ಕೊಳೆಯದೆ ಗಟ್ಟಿಯಾಗಿ ನಿಂತ ಗೌಡನೇ ಬಂಜರು. ಹಾಗಾದರೆ ಕೊಳೆತದಲ್ಲೂ ಎರಡು ಬಗೆಯಿದೆ ಎಂದು ಒಪ್ಪಬೇಕಾಗುತ್ತದೆ: ನೆಲಕ್ಕೆ ಮರಳಿ ಬೆಳೆಯಾಗುವುದು, ನೆಲಕ್ಕೆ ಮರಳಲು ಬಿಡದೆ ಮನೆಯೊಳಗೇ ಇಟ್ಟುಕೊಂಡದ್ದು. ದೂರ್ವಾಸಪುರದ್ದು ಎರಡನೆಯ ಬಗೆ. ಈ ಭೇದವನ್ನು ಗುರುತಿಸದೆ ಮುಪ್ಪನ್ನೂ ಸಾವನ್ನೂ ಅಶುದ್ಧಿ ಎಂದಷ್ಟೇ ನೋಡುವ ರಾಜಕೀಯ ಕಲೆ ಬಹು ಬೇಗ ಶುದ್ಧೀಕರಣದ ರಾಜಕಾರಣಕ್ಕೆ ಕೈಗೂಸಾಗಿಬಿಡುತ್ತದೆ. ಕೊಳೆತದ ರೂಪಕವನ್ನು ಜನರ ಮೇಲೆ, ಸಮುದಾಯಗಳ ಮೇಲೆ ಹೊರಿಸಿದ ಆಳ್ವಿಕೆಗಳು ಏನು ಮಾಡಿದವೆಂಬುದನ್ನು ಇಪ್ಪತ್ತನೆಯ ಶತಮಾನದ ಯುರೋಪ್ ಕಂಡಿದೆ.

ಇನ್ನು ಪಾಳು. ನಾವು ಸೇರಿರುವ ಈ ಆರ್‌ಪಿಸಿ ಲೇಔಟಿಗೆ ಹಂಪಿನಗರವೆಂಬ ಹೆಸರೂ ಇದೆ, ಇದು ವಿಜಯನಗರದ ಭಾಗ. ಬೆಂಗಳೂರಿನ ಪಶ್ಚಿಮಕ್ಕೆ ಹೊಸ ಮನೆಗಳು ಏಳುತ್ತಿದ್ದಾಗ ಒಂದು ಹಾಳಾದ ರಾಜಧಾನಿಯ ಹೆಸರನ್ನು ಜನ ಹೆಮ್ಮೆಯಿಂದ ಇಟ್ಟುಕೊಂಡರು. ಆ ಹೆಮ್ಮೆಯನ್ನು ನಾನು ಗೌರವಿಸುತ್ತೇನೆ. ಅದರೊಳಗೆ ಒಂದು ಅಪಾಯವೂ ಇದೆ, ಅದನ್ನು ಈ ಬಡಾವಣೆಯಲ್ಲೇ ನಿಂತು ಹೇಳುವುದು ಒಳ್ಳೆಯದು.

ಹಂಪಿಯಲ್ಲಿ ಪುರಾಣವೂ ಪಾಳೂ ಒಂದೇ ಬಂಡೆಯ ಮೇಲಿವೆ. ಅಂಜನಾದ್ರಿ, ಮಾಲ್ಯವಂತ, ಋಷ್ಯಮೂಕ, ಪಂಪಾಸರೋವರ ಎಂದು ಜನ ಕಿಷ್ಕಿಂಧೆಯನ್ನು ಗುರುತಿಸುವ ಜಾಗದಲ್ಲೇ 1565ರಲ್ಲಿ ವಿಜಯನಗರ ಹಾಳಾದ ನಂತರದ ಭಗ್ನ ಮಂಟಪಗಳಿವೆ. 1528ರಲ್ಲಿ ಕೃಷ್ಣದೇವರಾಯನ ಕಾಲದಲ್ಲಿ ಒಂದೇ ಬಂಡೆಯಿಂದ ಕಡೆದ ಉಗ್ರನರಸಿಂಹ ಸುಮಾರು 6.7 ಮೀಟರ್ ಎತ್ತರ. ತೊಡೆಯ ಮೇಲಿದ್ದ ಲಕ್ಷ್ಮಿ ಒಡೆದುಹೋಗಿದ್ದಾಳೆ. ದೇವರ ಬೆನ್ನನ್ನು ಬಳಸಿದ್ದ ಅವಳ ಕೈಯೊಂದು ಮಾತ್ರ ಹಿಂದೆ ಉಳಿದಿದೆ. ಲಕ್ಷ್ಮಿಯಿದ್ದಾಗ ಅದು ಶಾಂತ ಮೂರ್ತಿ. ಅವಳು ಹೋದ ಮೇಲೆ ನಾವು ಅದನ್ನು ಉಗ್ರವೆಂದು ಕರೆಯುತ್ತಿದ್ದೇವೆ. ಭಗ್ನತೆ ಪುರಾಣವನ್ನೇ ತಿದ್ದಿದ ಉದಾಹರಣೆ ಇದು. ಈ ಪಾಳನ್ನು 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೈನ್ಯಾಧಿಕಾರಿ ಛಾಯಾಚಿತ್ರಗಳಲ್ಲಿ ಹಿಡಿದ. 1900ರಲ್ಲಿ ರಾಬರ್ಟ್ ಸೂಯೆಲ್ ಮರೆತುಹೋದ ಸಾಮ್ರಾಜ್ಯವೆಂದು ಅದರ ಚರಿತ್ರೆ ಬರೆದ. ಇವೆರಡೂ ಅಮೂಲ್ಯ ಕೆಲಸಗಳು. ಆದರೂ ಹಳೆಯ ರಾಜ್ಯ ಹಾಳಾಗಿದೆ, ಆದ್ದರಿಂದ ಹೊಸ ಆಡಳಿತ ಬೇಕಾಗಿತ್ತು ಎಂಬ ಕಂಪನಿ ಸರ್ಕಾರದ ಮತ್ತು ಅದರ ನಂತರದ ವಸಾಹತು ನೋಟಕ್ಕೆ ಪಾಳು ಬಹಳ ಅನುಕೂಲವಾಗಿತ್ತು ಎಂಬುದನ್ನು ಮರೆಯಬಾರದು. ಪಾಳು ಸುಂದರವಾಗಿ ಕಾಣತೊಡಗಿದರೆ ಅದನ್ನು ಹಾಳುಮಾಡಿದವರ ಹೆಸರು ಮಸುಕಾಗುತ್ತದೆ. 2011ರಲ್ಲಿ ವಿರೂಪಾಕ್ಷ ಬೀದಿಯ ಹಳೆಯ ಮಂಟಪಗಳಲ್ಲಿ ಬದುಕು ಕಟ್ಟಿಕೊಂಡಿದ್ದ ಕುಟುಂಬಗಳನ್ನು ತೆರವುಗೊಳಿಸಿದಾಗ, ಪಾಳಿಗೆ ನಾವು ಕೊಟ್ಟ ಗೌರವ ಅಲ್ಲಿ ಅಂಗಡಿಯಿಟ್ಟು ಬದುಕುತ್ತಿದ್ದವರ ಪಾಲಿಗೆ ಏನಾಯಿತು ಎಂಬುದನ್ನೂ ಕಂಡೆವು.

ಕಾರ್ನಾಡರು ತೀರಿಕೊಳ್ಳುವ ಹಿಂದಿನ ವರ್ಷ, 2018ರಲ್ಲಿ, ‘ರಾಕ್ಷಸ ತಂಗಡಿ’ ಬಂತು. 1565ರ ಜನವರಿಯ ಯುದ್ಧದ ಬಗ್ಗೆ ನಮ್ಮ ಪಠ್ಯಪುಸ್ತಕಗಳಿಂದ ಸಿನಿಮಾದವರೆಗೆ ಬೆಳೆದು ಬಂದ ಕಥೆಗೆ ಎರಡೇ ಪಕ್ಷಗಳು: ವೈಭವದ ನಗರ ಮತ್ತು ಅದನ್ನು ಸುಟ್ಟ ಸುಲ್ತಾನರು. ಕಾರ್ನಾಡರು ಯುದ್ಧದ ಹಿಂದಿನ ವರ್ಷಗಳನ್ನು ತೆರೆದರು. ಅಳಿಯ ರಾಮರಾಯ ಸಾಮ್ರಾಜ್ಯವನ್ನು ಆಳುತ್ತಿದ್ದವನು; ಸಿಂಹಾಸನದ ಹೆಸರು ಮಾತ್ರ ಸದಾಶಿವರಾಯನದು. ಅಳಿಯ ಎಂಬುದೇ ಅವನಿಗೆ ಅಂಟಿದ ಬಿರುದು, ರಾಜರಕ್ತದವನಲ್ಲವೆಂಬ ಮಾತು ಒಳಗೊಳಗೇ ಅವನನ್ನು ಕೊರೆಯುತ್ತದೆ. ಹಾಗಾಗಿ ತನ್ನ ವಂಶ ಕಲ್ಯಾಣದ ಚಾಲುಕ್ಯರದೆಂಬ ಪ್ರಾಚೀನ ಗೌರವವನ್ನು ಅವನು ಹಿಡಿಯುತ್ತಾನೆ, ಕಲ್ಯಾಣದ ಕೋಟೆ ತನ್ನ ಪೂರ್ವಜರದೆಂದು ಅದರ ಸುತ್ತ ರಾಜಕೀಯ ಹೂಡುತ್ತಾನೆ. ವಿಜಯನಗರದ ಇತ್ತೀಚಿನ ಇತಿಹಾಸಕಾರರು ಶಾಸನಗಳನ್ನೂ ಕಟ್ಟಡಗಳನ್ನೂ ನೋಡಿ ಎತ್ತಿ ತೋರಿಸಿದ ಸಂಗತಿ ಇದು. ನಾವು ವಿಜಯನಗರವನ್ನು ಸುವರ್ಣಯುಗವೆಂದು ನೆನೆಯುತ್ತೇವೆ; ವಿಜಯನಗರದ ಕೊನೆಯ ದೊಡ್ಡ ಆಳುಗ ಚಾಲುಕ್ಯರನ್ನು ಸುವರ್ಣಯುಗವೆಂದು ನೆನೆಯುತ್ತಿದ್ದ. ರನ್ನನ ಒಡೆಯರ ವಂಶವನ್ನೇ ಅವನು ತನ್ನ ಪುರಾಣ ಮಾಡಿಕೊಂಡ. ಅವನತಿಯನ್ನು ವರ್ಣಿಸುವ ಸಾಧನವೆಂದು ನಾವು ತಿಳಿದಿದ್ದ ಪುರಾಣ ಅಲ್ಲಿ ಅವನತಿಗೆ ಕಾರಣಗಳಲ್ಲೊಂದಾಗಿತ್ತು. ಯುದ್ಧ ಸೋತು ರಾಮರಾಯನ ತಲೆ ಹೋದ ಮೇಲೆ ತಮ್ಮ ತಿರುಮಲ ರಾಜಧಾನಿಗೆ ಬಂದದ್ದು ಕಾಪಾಡಲಿಕ್ಕಲ್ಲ. ಖಜಾನೆಯನ್ನು ಆನೆಗಳ ಮೇಲೆ ಹೇರಿಕೊಂಡು, ಸದಾಶಿವರಾಯನನ್ನೂ ಕರೆದುಕೊಂಡು ಪೆನುಗೊಂಡೆಗೆ ಹೋಗುವುದಕ್ಕೆ. ನಗರವನ್ನು ಅದರ ಜನರಿಗೆ ಬಿಟ್ಟು ಹೋದರು. ಹಂಪಿಯ ಕಲ್ಲುಗಳ ಬಗ್ಗೆ ಬರೆಯುವ ಯಾವ ಕವಿಯೂ ಈ ಖಜಾನೆಯ ಆನೆಗಳನ್ನು ಬಿಟ್ಟು ಬರೆಯಬಾರದು ಎಂದು ನನ್ನ ಅಭಿಪ್ರಾಯ.

ಪುರಾಣ ಕಾರಣವನ್ನು ಮುಚ್ಚುವ ಇನ್ನೊಂದು ರೀತಿ ಕಲಿಗಾಲದ ಮಾತು. ‘ಕಲಿಗಾಲ, ಏನು ಮಾಡಕ್ಕಾಗುತ್ತೆ’ ಎಂದು ಲಂಚ ಕೊಟ್ಟವರೂ ಹೇಳುತ್ತಾರೆ, ತೆಗೆದುಕೊಂಡವರೂ ಹೇಳುತ್ತಾರೆ. ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಗೆ ಗೊರವಯ್ಯ ಬಿಲ್ಲನ್ನೇರಿ ಒಂದೇ ಸಾಲಿನ ಕಾರ್ಣಿಕ ನುಡಿಯುತ್ತಾನೆ. ಲಕ್ಷಾಂತರ ರೈತರು ಅದರಲ್ಲಿ ಮಳೆಬೆಳೆಯನ್ನು ಕೇಳಿಸಿಕೊಂಡರೆ ರಾಜಕೀಯದವರು ಸರ್ಕಾರದ ಆಯುಷ್ಯವನ್ನು ಕೇಳಿಸಿಕೊಳ್ಳುತ್ತಾರೆ. ಆ ಆಚರಣೆಯ ಬಗ್ಗೆ ನನಗೆ ಗೌರವವಿದೆ. ಅರ್ಥವನ್ನು ಸಾವಿರ ಕಡೆ ಬಿತ್ತುವ ಆ ಒಂದು ಸಾಲು ಕಾವ್ಯವೇ. ಕಲೆ ಮಾತ್ರ ಅಲ್ಲಿಗೆ ನಿಲ್ಲಲಾರದು. ಮುಂದೆ ಏನಾಗುತ್ತದೆ ಎಂಬುದನ್ನು ಕಾರ್ಣಿಕ ಹೇಳಲಿ, ಆಗಿಹೋದದ್ದು ಯಾರಿಂದ ಎಂಬುದನ್ನು ನಾಟಕ ಹೇಳಬೇಕು.

ದೃಶ್ಯಕಲೆಯಲ್ಲಿ ಒಬ್ಬರ ಕೆಲಸವನ್ನಾದರೂ ಹೇಳದಿದ್ದರೆ ಈ ಮಾತು ಸಾಹಿತ್ಯಕ್ಕಷ್ಟೇ ಕಟ್ಟುಬೀಳುತ್ತದೆ. ಕುಂದಾಪುರದ ಪಕ್ಕದ ಕೋಟೇಶ್ವರದಲ್ಲಿ 1971ರಲ್ಲಿ ಹುಟ್ಟಿದ ಶಿಲ್ಪಿ ಎಲ್.ಎನ್.ತಲ್ಲೂರು ದೇವಾಲಯದ ಕಂಚಿನ ಮೂರ್ತಿಗಳ ರೂಪವನ್ನು ತೆಗೆದುಕೊಂಡು ಅದರ ಮೇಲೆ ತುಕ್ಕು, ಸುಟ್ಟ ಗುರುತು, ಸಿಮೆಂಟು ಬರುವಂತೆ ಮಾಡುತ್ತಾರೆ. ‘ಯೂನಿಕೋಡ್’ ಎಂಬ ಅವರ ಶಿಲ್ಪದಲ್ಲಿ ನಟರಾಜನ ಪ್ರಭಾವಳಿ ಇದೆ, ನಡುವೆ ಕುಣಿಯುವ ಶಿವ ಇಲ್ಲ; ಅಲ್ಲಿ ಇರುವುದು ನಾಣ್ಯಗಳು ಹುದುಗಿರುವ ಕಾಂಕ್ರೀಟಿನ ಗುಂಡು. ಇನ್ನೊಂದು ಕೃತಿಯಲ್ಲಿ ನೋಡಲು ಬಂದವರೇ ಹರಕೆಯ ಮರಕ್ಕೆ ಹೊಡೆಯುವ ಹಾಗೆ ನಾಣ್ಯಗಳನ್ನು ಮರದ ದಿಮ್ಮಿಗೆ ಸುತ್ತಿಗೆಯಿಂದ ಬಡಿಯಬೇಕು. ಕೊಳೆಸುವ ಕೆಲಸದಲ್ಲಿ ನೋಡುಗನ ಕೈಯೂ ಸೇರುತ್ತದೆ. ಜರ್ಮನಿಯ ಕಲಾವಿದ ಆನ್ಸೆಲ್ಮ್ ಕೀಫರ್ ತನ್ನ ದೇಶದ ಪುರಾಣಗಳನ್ನು ನಾಜಿಗಳು ಬಳಸಿದ ನಂತರ ಅವನ್ನು ಮತ್ತೆ ಮುಟ್ಟಲು ಹುಲ್ಲು, ಬೂದಿ, ಸೀಸ ಎಂಬ ಕ್ಷಯಿಸುವ, ಭಾರವಾದ ವಸ್ತುಗಳನ್ನೇ ಆರಿಸಿಕೊಂಡ. ಅಲ್ಲಿಯೂ ಪುರಾಣದ ಹೊಳಪನ್ನು ತೆಗೆಯುವುದಕ್ಕೆ ಕೊಳೆತ ಬೇಕಾಯಿತು.

ಕೊನೆಯದಾಗಿ, ನಮ್ಮ ಕಾಲುಬುಡದಲ್ಲೇ ಕಾದಿರುವ ಒಂದು ವಸ್ತುವಿನ ಬಗ್ಗೆ. ಬೆಂಗಳೂರಿನ ಪಶ್ಚಿಮ ಭಾಗದ ನೀರೆಲ್ಲ ಇಳಿಯುವುದು ವೃಷಭಾವತಿ ನದಿಗೆ. ಬಸವನಗುಡಿಯ ದೊಡ್ಡ ಬಸವನ ಪಾದದಿಂದ ಹುಟ್ಟಿದವಳೆಂದು ಸ್ಥಳಪುರಾಣ. ಮೈಸೂರು ರಸ್ತೆಯ ಗಾಳಿ ಆಂಜನೇಯ ಅವಳ ದಡದ ದೇವರು, ವ್ಯಾಸರಾಯರ ಹೆಸರು ಆ ಗುಡಿಗೆ ಅಂಟಿದೆ. ಇಂದು ಆ ನದಿ ಕೆಂಗೇರಿಯ ಕಡೆಗೆ ಕಪ್ಪು ನೀರಾಗಿ, ನೊರೆಯಾಗಿ ಹರಿಯುತ್ತದೆ. ಜೋರು ಮಳೆ ಬಂದಾಗ ರಾಜಕಾಲುವೆಯ ನೀರು ಆ ಗುಡಿಯೊಳಗೇ ನುಗ್ಗಿದ್ದುಂಟು. ನೂರು ಕಿಲೋಮೀಟರ್ ದೂರದಿಂದ ಮೇಲಕ್ಕೆ ಎತ್ತಿ ತಂದ ಕಾವೇರಿ ನೀರನ್ನು ನಾವು ಬಳಸಿ ಬಿಡುತ್ತೇವೆ. ಅದು ವೃಷಭಾವತಿಯಲ್ಲಿ ಬೈರಮಂಗಲ ಕೆರೆಗೆ ಹೋಗಿ, ಅಲ್ಲಿಂದ ಅರ್ಕಾವತಿಯ ಮೂಲಕ ಮತ್ತೆ ಕಾವೇರಿಗೇ ಸೇರುತ್ತದೆ. ಪುರಾಣವಿದೆ, ಕೊಳೆತವಿದೆ, ಆಡಳಿತದ ಸೋಲಿದೆ. ಈ ನದಿಯ ಬಗ್ಗೆ ‘ಅಯ್ಯೋ, ಪವಿತ್ರ ನದಿ ಹೀಗಾಯಿತಲ್ಲ’ ಎಂಬ ಪದ್ಯ ಬರೆಯುವುದು ಸುಲಭ, ಅಂಥದ್ದು ಬಂದರೆ ಯಾರಿಗೂ ನೋವಾಗುವುದಿಲ್ಲ.

ರನ್ನನ ದಾರಿಯಲ್ಲಿ ಇದನ್ನು ಬರೆಯುವವರು ನದಿಯ ದಡದಲ್ಲಿ ಒಬ್ಬೊಬ್ಬರನ್ನೇ ನಡೆಸಬೇಕಾಗುತ್ತದೆ: ಒಳಚರಂಡಿಯ ಕೊಳವೆಯನ್ನು ರಾಜಕಾಲುವೆಗೆ ತಿರುಗಿಸಲು ಒಪ್ಪಿದ ಗುತ್ತಿಗೆದಾರ, ಶುದ್ಧೀಕರಣ ಘಟಕದ ಕಡತವನ್ನು ಮುಂದಿನ ವರ್ಷಕ್ಕೆ ತಳ್ಳಿದವರು, ರಾತ್ರಿಹೊತ್ತು ತೊಟ್ಟಿ ಖಾಲಿ ಮಾಡಿಸಿದ ಕಾರ್ಖಾನೆಯವರು, ಕಾಲುವೆಯ ಮೇಲೆ ಮನೆ ಕಟ್ಟಲು ಅನುಮತಿ ಬರೆದವರು, ಆ ಮನೆಯನ್ನು ಕೊಂಡ ನಾವು. ಮ್ಯಾನ್‌ಹೋಲಿಗೆ ಇಳಿದು ಮೇಲೆ ಬಾರದವರ ಹೆಸರುಗಳೂ ಆ ದಾರಿಯಲ್ಲಿ ಬರಬೇಕು. ಚಂದ್ರಿ ಮಾಡಿದ ಕೆಲಸವನ್ನು ಈ ನಗರದಲ್ಲಿ ಮಾಡುತ್ತಿರುವವರು ಅವರೇ. ಆ ನಾಟಕದಲ್ಲಿ ನಂದಿ ಮಾತಾಡಬೇಕೋ ಬೇಡವೋ ಎಂಬುದನ್ನು ಬರೆಯುವವರು ನಿರ್ಧರಿಸಲಿ. ಜಲಮಂಡಳಿಯ ಇಂಜಿನಿಯರಿಗೂ, ಬೈರಮಂಗಲದಲ್ಲಿ ಆ ನೀರನ್ನೇ ಹೊಲಕ್ಕೆ ಹಾಯಿಸುವ ರೈತನಿಗೂ ಅದರಲ್ಲಿ ಒಂದೊಂದು ದೀರ್ಘ ಮಾತಿರಲೇಬೇಕು, ಹಂಪಿನಗರದ ಒಬ್ಬ ಮನೆಯೊಡೆಯ ಅದನ್ನು ನಿಂತು ಕೇಳಬೇಕು.